ಹುಲಿಗಿಂತ ಘೋರವಾದದ್ದು: ಕನ್ಫ್ಯೂಷಿಯನ್ ಚಿಂತನೆಯಲ್ಲಿ ದುಃಖದ ಕಾರಣಗಳು

ಚೀನಾದ ತಾಯ್ ಪರ್ವತದ ತಪ್ಪಲಿನಲ್ಲಿ ಹೆಂಗಸೊಬ್ಬಳು ಗೋರಿಯೊಂದರ ಬಳಿ ಕುಳಿತು ಗೋಳಾಡುತ್ತಿದ್ದಳು. ಆ ದಾರಿಯಲ್ಲಿ ಬಂದ ಕನ್ಫ್ಯೂಷಿಯಸ್ ಶಿಷ್ಯನ ಮೂಲಕ ವಿಚಾರಿಸಿದಾಗ, ಮೊದಲು ಮಾವನನ್ನು, ಆಮೇಲೆ ಗಂಡನನ್ನು, ಈಗ ಮಗನನ್ನೂ ಹುಲಿ ಕೊಂದಿತೆಂದು ಆಕೆ ಹೇಳಿದಳು. ಹಾಗಿದ್ದರೂ ಈ ಜಾಗವನ್ನು ಏಕೆ ಬಿಟ್ಟುಹೋಗಲಿಲ್ಲವೆಂದು ಕೇಳಿದರೆ, ಇಲ್ಲಿ ದಬ್ಬಾಳಿಕೆಯ ಆಡಳಿತವಿಲ್ಲ ಎಂಬುದಷ್ಟೇ ಆಕೆಯ ಉತ್ತರ. ಅಂಥ ಆಡಳಿತ ಹುಲಿಗಿಂತ ಘೋರವೆಂಬುದನ್ನು ನೆನಪಿಡಿರೆಂದು ಗುರು ಶಿಷ್ಯರಿಗೆ ಹೇಳಿದನೆಂದು ವಿಧಿ-ಆಚಾರಗಳನ್ನು ಕುರಿತ ಪ್ರಾಚೀನ ‘ಲಿ ಜಿ’ ಗ್ರಂಥದಲ್ಲಿದೆ.

ಈ ವಿಷಯವನ್ನು ಓದತೊಡಗುವವರು ಇಲ್ಲಿಂದಲೇ ಆರಂಭಿಸುವುದು ಒಳ್ಳೆಯದು. ದುಃಖಕ್ಕೆ ತೃಷ್ಣೆಯೇ ಮೂಲವೆಂಬ ಬೌದ್ಧ ವಿವರಣೆ ನಮಗೆ ಪರಿಚಿತವಾಗಿರುವುದರಿಂದ ಇಲ್ಲಿಯೂ ಅಂಥದೇ ಒಂದು ಸೂತ್ರವನ್ನು ಹುಡುಕುತ್ತೇವೆ. ಆದರೆ ಬದುಕೇ ದುಃಖಮಯವೆಂಬ ಮಾತಿನಿಂದ ಈ ಚಿಂತನೆ ಹೊರಡುವುದಿಲ್ಲ. ಈ ಸಂಕಟ ಯಾರಿಂದ ಬಂತು, ಯಾರು ಇದನ್ನು ತಡೆಯಬಹುದಿತ್ತು ಎಂದು ಅದು ಕೇಳುತ್ತದೆ.

ಕನ್ಫ್ಯೂಷಿಯಸ್ (ಕ್ರಿ.ಪೂ. 551–479) ಬದುಕಿದ್ದು ಝೌ ಅರಸರ ಹಿಡಿತ ಸಡಿಲಗೊಂಡು, ಅವನ ಸ್ವಂತ ಲೂ ರಾಜ್ಯದಲ್ಲೂ ಮೂರು ಕುಲೀನ ಮನೆತನಗಳು ಅಧಿಕಾರವನ್ನು ಕೈವಶ ಮಾಡಿಕೊಂಡಿದ್ದ ಕಾಲದಲ್ಲಿ. ಹೀಗಾಗಿ ಅವನ ಮಾತುಗಳ ಸಂಗ್ರಹವಾದ ‘ಲುನ್ ಯು’ ಗ್ರಂಥದಲ್ಲಿ ಹೆಸರುಗಳನ್ನು ಸರಿಪಡಿಸಬೇಕೆಂದು ಅವನು ಹೇಳುವಾಗ ಅದು ಬರಿಯ ಭಾಷೆಯ ಚರ್ಚೆಯಲ್ಲ: ಹೆಸರು ತಪ್ಪಿದರೆ ಮಾತು ಹೊಂದುವುದಿಲ್ಲ, ಮಾತು ಹೊಂದದಿದ್ದರೆ ಕೆಲಸ ಕೈಗೂಡುವುದಿಲ್ಲ, ಆಮೇಲೆ ಸದಾಚಾರ ಕುಗ್ಗಿ, ಶಿಕ್ಷೆಗಳು ಗುರಿ ತಪ್ಪಿ, ಕೊನೆಗೆ ಜನರಿಗೆ ತಮ್ಮ ಕೈಕಾಲುಗಳನ್ನು ಎಲ್ಲಿಡಬೇಕೆಂಬುದೇ ತಿಳಿಯದಂತಾಗುತ್ತದೆ. ಅರಮನೆಯಲ್ಲಿ ಹುಟ್ಟಿದ ತಪ್ಪು ಸಾಮಾನ್ಯನ ಮೈಮೇಲೆ ಬಂದು ಬೀಳುವ ಕ್ರಮವಿದು.

ಅವನ ನಂತರ ಬಂದ ಕನ್ಫ್ಯೂಷಿಯನ್ ಚಿಂತಕ ಮೆನ್ಷಿಯಸ್ ಇನ್ನೂ ನಿಷ್ಠುರ. ಹಂದಿನಾಯಿಗಳು ಮನುಷ್ಯರ ಆಹಾರವನ್ನು ತಿನ್ನುತ್ತಿವೆ, ದಾರಿಯಲ್ಲಿ ಜನ ಹಸಿದು ಸತ್ತಿದ್ದರೂ ಕಣಜ ತೆರೆದಿಲ್ಲ. ಹೀಗಿರುವಾಗ ತಪ್ಪು ತನ್ನದಲ್ಲ, ಬರಗಾಲದ್ದು ಎನ್ನುವುದು, ಒಬ್ಬನನ್ನು ಇರಿದು ಕೊಂದು ತಪ್ಪು ಆಯುಧದ್ದು ಎಂದಂತೆ ಎಂದು ಅವನು ಲಿಯಾಂಗ್ ರಾಜ್ಯದ ಹುಯಿ ಅರಸನ ಎದುರೇ ಹೇಳುತ್ತಾನೆ. ಸ್ಥಿರವಾದ ಜೀವನೋಪಾಯವಿಲ್ಲದ ಸಾಮಾನ್ಯ ಜನರಲ್ಲಿ ಸ್ಥಿರವಾದ ಮನಸ್ಸೂ ಉಳಿಯದು. ಅವರು ತಪ್ಪು ಮಾಡುವವರೆಗೆ ಸುಮ್ಮನಿದ್ದು ಆಮೇಲೆ ದಂಡಿಸುವುದೆಂದರೆ ಪ್ರಜೆಗಳಿಗೆ ಬಲೆ ಒಡ್ಡಿದಂತೆ.

ಮನುಷ್ಯನ ಸ್ವಭಾವ ಒಳ್ಳೆಯದೋ ಕೆಟ್ಟದ್ದೋ ಎಂಬ ವಿಷಯದಲ್ಲಿ, ಒಳ್ಳೆಯದೆಂದ ಮೆನ್ಷಿಯಸ್‌ಗೆ ಕೆಟ್ಟದ್ದೆಂದ ಅದೇ ಪರಂಪರೆಯ ಷುನ್‌ತ್ಸು ಎದುರಾಳಿಯೆಂದು ನಾವೆಲ್ಲ ಕಂಠಪಾಠ ಮಾಡಿರುತ್ತೇವೆ. ದುಃಖದ ಪ್ರಶ್ನೆಯಲ್ಲಿ ಆ ಅಂತರ ಅಷ್ಟು ದೊಡ್ಡದಲ್ಲವೆಂದು ನನಗನ್ನಿಸುತ್ತದೆ. ಎಲ್ಲೆಯಿಲ್ಲದ ಆಸೆಗಳಿಂದ ಜಗಳ, ಜಗಳದಿಂದ ಅವ್ಯವಸ್ಥೆ, ಅವ್ಯವಸ್ಥೆಯಿಂದ ಬಡತನ ಎಂದು ಷುನ್‌ತ್ಸು ವಿವರಿಸಿದರೂ, ಆಸೆಯನ್ನು ಅಳಿಸಬೇಕೆಂದು ಹೇಳುವುದಿಲ್ಲ. ಆಸೆಗೂ ವಸ್ತುಗಳಿಗೂ ಅಳತೆ ಹಾಕಿ ಎರಡನ್ನೂ ಪೋಷಿಸಲೆಂದೇ ‘ಲಿ’, ಅಂದರೆ ವಿಧಿಯಾಚರಣೆ ಮತ್ತು ಸದಾಚಾರ, ಹುಟ್ಟಿತೆನ್ನುತ್ತಾನೆ.

ಒಳಗಿನ ಕಾರಣವೂ ಇದೆ. ಅಲ್ಪನು ಸದಾ ಕಳವಳದಲ್ಲಿರುತ್ತಾನೆ, ಏಕೆಂದರೆ ಜನ ತನ್ನನ್ನು ಗುರುತಿಸಲಿಲ್ಲವೆಂಬಂಥ ಸಲ್ಲದ ಚಿಂತೆ ಅವನದು. ಒಂದು ಬುಟ್ಟಿ ಅನ್ನ, ಒಂದು ಸೋರೆಬುರುಡೆ ನೀರಿನಲ್ಲಿ ಇಕ್ಕಟ್ಟಾದ ಓಣಿಯಲ್ಲಿದ್ದರೂ ಕನ್ಫ್ಯೂಷಿಯಸ್‌ನ ಶಿಷ್ಯ ಯಾನ್ ಹುಯಿಯ ಸಂತೋಷ ಕುಂದಲಿಲ್ಲ. ಆದರೆ ಇದನ್ನು ಬಡತನದ ಸ್ತುತಿಯೆಂದು ಓದಬಾರದು. ಜನರನ್ನು ಮೊದಲು ಸಮೃದ್ಧರನ್ನಾಗಿಸಿ, ಆಮೇಲೆ ಕಲಿಸಬೇಕೆಂದು ಹೇಳಿದವನೂ ಇದೇ ಗುರು.

ಇಷ್ಟರಿಂದಲೂ ನೀಗದ ದುಃಖಕ್ಕೆ ‘ಮಿಂಗ್’, ಅಂದರೆ ಮನುಷ್ಯನ ಕೈಮೀರಿದ ಹಣೆಬರಹ, ಎಂಬ ಹೆಸರು. ಯಾನ್ ಹುಯಿ ಅಕಾಲದಲ್ಲಿ ತೀರಿಕೊಂಡಾಗ ಕನ್ಫ್ಯೂಷಿಯಸ್ ಮಿತಿಮೀರಿ ಅತ್ತನು, ಅದನ್ನು ಸಮರ್ಥಿಸಿಕೊಂಡನು ಕೂಡ. ತಂದೆತಾಯಿಗಳಿಗಾಗಿ ಮೂರು ವರ್ಷ ಶೋಕಾಚರಣೆ ಹೆಚ್ಚಾಯಿತು, ಒಂದೇ ವರ್ಷ ಸಾಕೆಂದು ಶಿಷ್ಯ ಜಾಯ್ ವೊ ವಾದಿಸಿದಾಗ, ಅಷ್ಟರಲ್ಲೇ ಒಳ್ಳೆಯ ಅನ್ನ ಉಂಡು ರೇಷ್ಮೆ ಉಟ್ಟರೆ ನಿನ್ನ ಮನಸ್ಸಿಗೆ ನೆಮ್ಮದಿಯೇ ಎಂದು ಗುರು ಕೇಳಿದನು. ನೆಮ್ಮದಿಯೇ ಎಂದನು ಶಿಷ್ಯ. ಹಾಗಾದರೆ ಹಾಗೆಯೇ ಮಾಡು ಎಂದ ಗುರು, ಅವನು ಹೊರಗೆ ಹೋದ ಮೇಲೆ, ಅವನಲ್ಲಿ ಮಾನವೀಯತೆಯಿಲ್ಲವೆಂದು ನೊಂದು ನುಡಿದನು.