ಮೋಡದೊಳಗೆ ಹೊಕ್ಕ ಕೂಡಲೇ ವಿಮಾನ ತಿರುಗಿಸಬೇಕೆ?

ಪ್ರಶ್ನೆ: ನನಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ನೋಡದೆ ಉಪಕರಣಗಳನ್ನಷ್ಟೇ ನಂಬಿ ಹಾರುವ ಅರ್ಹತೆ) ಇಲ್ಲ. ಹಾರುತ್ತಿರುವಾಗ ಅಚಾನಕ್ಕಾಗಿ ಮೋಡ ಕವಿದು ಹೊರಗೇನೂ ಕಾಣದಿದ್ದರೆ ತಕ್ಷಣ ಹಿಂದಕ್ಕೆ ತಿರುಗಬೇಕೆ?

ಉತ್ತರ: ಎದುರಿಗೇ ಗುಡ್ಡ ಇಲ್ಲವೆಂದಾದರೆ, ತಿರುಗುವ ಮುಂಚೆ ಕೆಲವು ಕ್ಷಣ ನೇರವಾಗಿ ಹಾರಿ. ಕಿಟಕಿಯಾಚೆ ನೋಡುವುದನ್ನು ಬಿಟ್ಟು ಕಣ್ಣನ್ನು ಆ್ಯಟಿಟ್ಯೂಡ್ ಇಂಡಿಕೇಟರ್ (ಮೂತಿ, ರೆಕ್ಕೆಗಳ ವಾಲಿಕೆ ತೋರಿಸುವ ಉಪಕರಣ) ಮೇಲಿಡಿ. ರೆಕ್ಕೆ ಮಟ್ಟ ಮಾಡಿ, ಪವರ್ ಮತ್ತು ಟ್ರಿಮ್ (ಮೂತಿಯನ್ನು ಒಂದೇ ಮಟ್ಟದಲ್ಲಿ ನಿಲ್ಲಿಸುವ ಹೊಂದಿಕೆ) ಮುಟ್ಟಬೇಡಿ, ಹಿಡಿತ ಸಡಿಲಿಸಿ. ಗಾಬರಿಯಲ್ಲಿ ಬಿಗಿಹಿಡಿದ ಕೈ ತನಗೇ ಗೊತ್ತಿಲ್ಲದೆ ಯೋಕ್ (ವಿಮಾನದ ಸ್ಟಿಯರಿಂಗ್) ಎಳೆಯುತ್ತದೆ. ಆಟೋಪೈಲಟ್ ಇದ್ದರೆ ಸಂಕೋಚವಿಲ್ಲದೆ ಹಾಕಿ, ಹೆಡಿಂಗ್ ಬಗ್‌ನಿಂದಲೇ (ಹೋಗಬೇಕಾದ ದಿಕ್ಕನ್ನು ಆಟೋಪೈಲಟ್‌ಗೆ ಗುರುತಿಸಿಕೊಡುವ ಸೂಚಕ) ತಿರುಗಿಸಿ.

ಇಲ್ಲಿ ನಂಬಬಾರದ್ದು ನಿಮ್ಮ ಕಿವಿಯನ್ನು. ಒಂದೇ ವೇಗದ ತಿರುವು ಹತ್ತಿಪ್ಪತ್ತು ಸೆಕೆಂಡ್ ಮುಂದುವರಿದರೆ ಒಳಗಿವಿಯ ದ್ರವವೂ ಜೊತೆಗೇ ತಿರುಗತೊಡಗಿ, ವಿಮಾನ ನೇರವಾಗಿ ಹೋಗುತ್ತಿದೆ ಎನ್ನಿಸುತ್ತದೆ. ಆಗ ರೆಕ್ಕೆ ಮಟ್ಟ ಮಾಡಿದರೆ ಎದುರು ದಿಕ್ಕಿಗೆ ವಾಲಿದಂತಾಗಿ, ಪೈಲಟ್ ಮತ್ತೆ ಹಳೆಯ ವಾಲಿಕೆಗೇ ಮರಳುತ್ತಾನೆ. ಮೂತಿ ತಗ್ಗುತ್ತದೆ, ವೇಗ ಏರುತ್ತದೆ. ಯೋಕ್ ಎಳೆದರೆ ತಿರುವು ಇನ್ನಷ್ಟು ಬಿಗಿಯಾಗುತ್ತದೆ, ಎತ್ತರ ಮಾತ್ರ ಸಿಗುವುದಿಲ್ಲ. ಸುತ್ತುತ್ತಾ ಕೆಳಗಿಳಿಯುವ ಇದೇ ಸ್ಪೈರಲ್. ಬಿಡಿಸಿಕೊಳ್ಳುವ ಕ್ರಮ ಹೀಗೆ: ಥ್ರಾಟಲ್ ಹಿಂದಕ್ಕೆ, ರೆಕ್ಕೆ ಮಟ್ಟಕ್ಕೆ, ಆಮೇಲಷ್ಟೇ ಮೂತಿಯನ್ನು ಮೆಲ್ಲಗೆ ಮೇಲಕ್ಕೆ. ಕ್ರಮ ತಪ್ಪಿದರೆ ವಿಮಾನದ ಮೇಲೆ ಬೀಳುವ ಹೊರೆ ರೆಕ್ಕೆಯನ್ನೇ ಮುರಿಯಬಹುದು.

1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯ ಇನ್‌ಸ್ಟ್ರುಮೆಂಟ್ ರೇಟಿಂಗ್ ಇಲ್ಲದ 20 ಪೈಲಟ್‌ಗಳನ್ನು ಹೊರನೋಟ ಮುಚ್ಚಿ ಹಾರಿಸಿತು. ಇಪ್ಪತ್ತೂ ಮಂದಿ ನಿಯಂತ್ರಣ ಕಳೆದುಕೊಂಡರು, ಸರಾಸರಿ 178 ಸೆಕೆಂಡ್‌ಗಳಲ್ಲಿ. 19 ಮಂದಿ ಸ್ಪೈರಲ್‌ಗೇ ಬಿದ್ದರು. ಈ 178 ಎಲ್ಲರ ಬಾಯಲ್ಲೂ ಇದೆ. ಯಾರೂ ಹೇಳದ ಸಂಗತಿಯೆಂದರೆ, ಹಿಂತಿರುಗುವ ಒಂದು ಸರಳ ವಿಧಾನ ಕಲಿಸಿದ ಮೇಲೆ ಅದೇ ಪೈಲಟ್‌ಗಳು ಹೆಚ್ಚುಕಡಿಮೆ ಪ್ರತಿ ಬಾರಿಯೂ ಸುರಕ್ಷಿತವಾಗಿ ಹೊರಬಂದರು.

ಈಗ ತಿರುವಿಗೆ ಬರೋಣ. ಹೊಕ್ಕಾಗಿನ ಹೆಡಿಂಗ್ (ಮೂತಿಯ ದಿಕ್ಕು, ಉತ್ತರದಿಂದ ಡಿಗ್ರಿಗಳಲ್ಲಿ) 070 ಇದ್ದರೆ ಹೋಗಬೇಕಾದದ್ದು 250. ಅದನ್ನು ಗಟ್ಟಿಯಾಗಿ ಹೇಳಿಕೊಳ್ಳಿ. ಗುಡ್ಡವಿಲ್ಲದ ಬದಿಗೆ ತಿರುಗಿ. 100 ನಾಟ್ ವೇಗದಲ್ಲಿ 15 ಡಿಗ್ರಿ ವಾಲಿಕೆ ಸಾಕು: ಸೆಕೆಂಡಿಗೆ 3 ಡಿಗ್ರಿಯಂತೆ ಒಂದು ನಿಮಿಷದಲ್ಲಿ ಅರ್ಧ ಸುತ್ತು. ಬಲಕ್ಕೆ ತಿರುಗುತ್ತಿದ್ದರೆ 243ರ ಆಸುಪಾಸಿನಲ್ಲೇ ರೆಕ್ಕೆ ನೇರ ಮಾಡತೊಡಗಿ. ತಿರುವಿನಲ್ಲಿ ಮ್ಯಾಗ್ನೆಟಿಕ್ ಕಂಪಾಸ್ ದಾರಿ ತಪ್ಪಿಸುತ್ತದೆ, ಹೆಡಿಂಗ್ ಇಂಡಿಕೇಟರನ್ನೇ ನೋಡಿ. ನಡುವೆ ಚಾರ್ಟ್ ಹುಡುಕಲು ತಲೆ ಬಗ್ಗಿಸಬೇಡಿ.

ಹಿಂದೆಯೂ ಮೋಡ ಮುಚ್ಚಿದ್ದರೆ ಅಥವಾ ಸುತ್ತ ಗುಡ್ಡಗಳಿದ್ದರೆ, ರೆಕ್ಕೆ ಮಟ್ಟವಾಗಿಟ್ಟು ಸುರಕ್ಷಿತ ಎತ್ತರಕ್ಕೆ ಏರಿ. ನೆಲ ಕಂಡೀತೆಂದು ಕುರುಡಾಗಿ ಇಳಿಯುವುದು ಅತಿ ಕೆಟ್ಟ ಆಯ್ಕೆ. ಪಿಟೋ ಹೀಟ್ (ವೇಗ ಅಳೆಯುವ ಕೊಳವೆಯಲ್ಲಿ ಹಿಮ ಕಟ್ಟದಂತೆ ಕಾಯಿಸುವ ವ್ಯವಸ್ಥೆ) ಹಾಕಿ. ಕಾರ್ಬ್ಯುರೇಟರ್ ಎಂಜಿನ್ ಆದರೆ ಅದರಲ್ಲಿ ಹಿಮ ಕಟ್ಟದಂತೆ ಕಾರ್ಬ್ ಹೀಟ್ ಕೂಡ. ವಿಮಾನ ಹಿಡಿತಕ್ಕೆ ಬಂದ ಮೇಲೆ ಕಂಟ್ರೋಲರ್‌ಗೆ, ಯಾರೂ ಸಿಗದಿದ್ದರೆ ತುರ್ತು ರೇಡಿಯೋ ತರಂಗಾಂತರ 121.5ರಲ್ಲಿ, "ವಿಎಫ್‌ಆರ್ ಪೈಲಟ್, ಮೋಡದೊಳಗಿದ್ದೇನೆ" (ವಿಎಫ್‌ಆರ್ ಎಂದರೆ ಹೊರಗೆ ಕಣ್ಣಿಟ್ಟು ಹಾರುವ ನಿಯಮ) ಎಂದು ನೇರವಾಗಿ ಹೇಳಿ ಸಹಾಯ ಕೇಳಿ. ಟ್ರಾನ್ಸ್‌ಪಾಂಡರ್‌ಗೆ (ರೇಡಾರ್‌ಗೆ ವಿಮಾನದ ಗುರುತು ಕಳಿಸುವ ಸಾಧನ) ತುರ್ತು ಸಂಕೇತ 7700 ಹಾಕಿ.