ಗೊಬ್ಬರದ ಗಿಡದ ಗೂಟ ಚಿಗುರಿದ ಮೇಲೂ ಒಣಗುವುದೇಕೆ?

ಓದುಗರ ಪ್ರಶ್ನೆ: ನಮ್ಮದು ಅರಸೀಕೆರೆ ತಾಲ್ಲೂಕಿನ ತೆಂಗಿನ ತೋಟ. ಮೇ ತಿಂಗಳಲ್ಲಿ ಹದ ಮಳೆಯಾದೊಡನೆ ಬದುವಿನ ಉದ್ದಕ್ಕೂ ಗೊಬ್ಬರದ ಗಿಡದ, ಅಂದರೆ ಗ್ಲಿರಿಸಿಡಿಯಾದ, ಗೂಟಗಳನ್ನು ನೆಟ್ಟೆವು. ಎರಡು ವಾರದೊಳಗೆ ಬಹುಪಾಲು ಚಿಗುರಿದವು. ಜುಲೈ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಒಣಗಿ ಹೋದವು. ಸಕಲೇಶಪುರದ ನಮ್ಮ ನೆಂಟರ ತೋಟದಲ್ಲಿ ಇದೇ ಗೂಟ ಚುಚ್ಚಿದಲ್ಲೆಲ್ಲ ಬರುತ್ತದೆ. ನಮ್ಮಲ್ಲಿ ಏಕೆ ಬರುವುದಿಲ್ಲ? ಬೀಜದಿಂದ ಬೆಳೆಸೋಣವೆಂದರೆ ಹಳೆಯ ಬೇಲಿಯ ಗಿಡಗಳಲ್ಲಿ ಕಾಯಿಯೇ ಕಟ್ಟುವುದಿಲ್ಲ. ಏನು ಮಾಡಬೇಕು?

ಉತ್ತರ: ಗೂಟ ಚಿಗುರಿದ್ದನ್ನು ಕಂಡ ಕೂಡಲೇ ಅದು ಬೇರು ಬಿಟ್ಟಿದೆ ಎಂದು ತಿಳಿಯುವುದು ಸಹಜ. ಆದರೆ ಇವೆರಡೂ ಬೇರೆ ಬೇರೆ ಕೆಲಸಗಳು, ಮತ್ತು ಈ ಗಿಡದಲ್ಲಿ ಸಾಮಾನ್ಯವಾಗಿ ಚಿಗುರೇ ಮುಂದಾಗಿ ಬರುತ್ತದೆ. ಬಲಿತ ಕೊಂಬೆಯಲ್ಲಿ ಪಿಷ್ಟವೂ ನೀರೂ ಸಂಗ್ರಹವಾಗಿರುತ್ತವೆ. ಅಡುಗೆಮನೆಯ ಮೂಲೆಯಲ್ಲಿಟ್ಟ ಈರುಳ್ಳಿ ಮಣ್ಣು ನೀರು ಕಾಣದೆಯೂ ಮೊಳೆಯುವಂತೆ, ಕಡಿದ ಗೂಟವೂ ಆ ಸಂಗ್ರಹದ ಬಲದಿಂದಲೇ ಕಣ್ಣೊಡೆದು ಎಲೆ ಬಿಡಬಲ್ಲದು. ಎಲೆಗಳು ಅಗಲವಾಗುತ್ತಿದ್ದಂತೆ ಅವುಗಳ ಮೂಲಕ ನೀರು ದಿನವಿಡೀ ಆವಿಯಾಗಿ ಹೋಗುತ್ತಿರುತ್ತದೆ. ಆ ನಷ್ಟವನ್ನು ತುಂಬಬೇಕಾದ ಬೇರು ಮೂಡಿ ಮಣ್ಣನ್ನು ಹಿಡಿಯುವುದಕ್ಕೆ ಇನ್ನೂ ಕೆಲವು ವಾರಗಳು ಬೇಕಾಗುತ್ತವೆ. ಈ ನಡುವಿನ ಅವಧಿಯಲ್ಲಿ ಮಣ್ಣು ಒಣಗಿದರೆ, ಇಲ್ಲವೇ ಒಣಗಾಳಿ ಬೀಸಿದರೆ, ಚಿಗುರೇ ಗೂಟದ ಸಂಗ್ರಹವನ್ನೆಲ್ಲ ಖಾಲಿಮಾಡಿ ತಾನೂ ಬಾಡುತ್ತದೆ. ನಿಮ್ಮ ಬದುವಿನಲ್ಲಿ ನಡೆದಿರುವುದು ಬಹುಶಃ ಇದೇ.

ಸಕಲೇಶಪುರಕ್ಕೂ ಅರಸೀಕೆರೆಗೂ ಜಿಲ್ಲೆ ಒಂದೇ ಆದರೂ ಮಳೆಯ ಲೆಕ್ಕ ಒಂದೇ ಅಲ್ಲ. ಅಲ್ಲಿ ವರ್ಷದ ಮಳೆ 2000 ಮಿಲಿಮೀಟರ್ ಮೀರುತ್ತದೆ. ಇಲ್ಲಿ ಅದರ ಮೂರನೆಯ ಒಂದು ಪಾಲು ಬಂದರೆ ಒಳ್ಳೆಯ ವರ್ಷವೆನ್ನುತ್ತೇವೆ. ಒಟ್ಟು ಮಳೆಗಿಂತಲೂ ಮುಖ್ಯವಾದದ್ದು ಅದು ಬೀಳುವ ಕ್ರಮ. ಮಲೆನಾಡಿನಲ್ಲಿ ಮೃಗಶಿರಾ ಹಿಡಿಯಿತೆಂದರೆ ಆಶ್ಲೇಷದವರೆಗೆ ಮೋಡ ಕವಿದೇ ಇರುತ್ತದೆ, ಗಾಳಿಯಲ್ಲಿ ತೇವ ತುಂಬಿರುತ್ತದೆ, ಆದ್ದರಿಂದ ಬೇರಿಲ್ಲದ ಚಿಗುರೂ ಬಾಡದೆ ಬೇರು ಬರುವತನಕ ಕಾಯುತ್ತದೆ. ಅರಸೀಕೆರೆ, ಕಡೂರು, ಚನ್ನರಾಯಪಟ್ಟಣದ ಕಡೆ ಭರಣಿ, ಕೃತ್ತಿಕೆಯ ಗುಡುಗು ಮಳೆ ಒಮ್ಮೆ ನೆಲ ನೆನೆಸಿ ಹೋಗುತ್ತದೆ. ಆಮೇಲೆ ಜೂನ್, ಜುಲೈ ತಿಂಗಳಲ್ಲಿ ಪಶ್ಚಿಮದ ಗಾಳಿಯೇ ಹೆಚ್ಚು, ಮಳೆ ತುಂತುರು. ನೆಲಕ್ಕೆ ಇಳಿಯುವಂಥ ಮಳೆ ಮತ್ತೆ ಬರುವುದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಮೇ ತಿಂಗಳ ಹದವನ್ನು ನಂಬಿ ನೆಟ್ಟ ಗೂಟವು ಆ ಗಾಳಿಯ ತಿಂಗಳುಗಳನ್ನು ಬೇರಿಲ್ಲದೆ ದಾಟಬೇಕಾಗುತ್ತದೆ. ಗಾಳಿ ಗೂಟವನ್ನು ಅಲುಗಾಡಿಸುವುದರಿಂದ ಆಗಷ್ಟೇ ಮೂಡಿದ ಎಳೆಯ ಬೇರು ಮುರಿಯುವುದೂ ಉಂಟು.

ಗೂಟದ ಆಯ್ಕೆಯಲ್ಲೂ ಬಹಳಷ್ಟು ನಿರ್ಧಾರವಾಗಿಬಿಡುತ್ತದೆ. ಬೇಲಿ ಸವರಿದಾಗ ಸಿಕ್ಕಿದ ಕೊಂಬೆಗಳನ್ನೆಲ್ಲ ನೆಡುವ ರೂಢಿ ನಮ್ಮಲ್ಲಿದೆ. ಹಸಿರು ತೊಗಟೆಯ ಎಳೆಯ ಕೊಂಬೆ ಬೇಗ ಚಿಗುರಿ ಬೇಗ ಸಾಯುವುದು ಅದರಿಂದಲೇ. ಕನಿಷ್ಠ ಒಂದು ವರ್ಷ ಬಲಿತ, ತೊಗಟೆ ಕಂದು ಹಸಿರಿಗೆ ತಿರುಗಿ ಮೇಲೆಲ್ಲ ಬಿಳಿಯ ಚುಕ್ಕೆಗಳಿರುವ, ಹೆಬ್ಬೆರಳಿಗಿಂತ ದಪ್ಪನಾದ, ಅಂದರೆ ಮೂರರಿಂದ ಐದು ಸೆಂಟಿಮೀಟರ್ ವ್ಯಾಸದ ನೇರ ಕೊಂಬೆಯನ್ನು ಆರಿಸಬೇಕು. ಸೊಪ್ಪಿನ ಸಾಲಿಗೆ ಒಂದರಿಂದ ಒಂದೂವರೆ ಮೀಟರ್, ದನ ನುಗ್ಗುವ ಕಡೆಯ ಬೇಲಿಗೆ ಎರಡು ಮೀಟರಿಗೂ ಹೆಚ್ಚು ಉದ್ದ ಇರಲಿ. ಹರಿತವಾದ ಮಚ್ಚಿನಿಂದ ಒಂದೇ ಏಟಿಗೆ ಕಡಿಯಬೇಕು. ಸಿಗಿದ, ಜಜ್ಜಿದ ತುದಿಯಿಂದ ಕೊಳೆ ಒಳಗೆ ಇಳಿಯುತ್ತದೆ. ಮೇಲ್ತುದಿಯನ್ನು ಓರೆಯಾಗಿ ಕಡಿದರೆ ಅಲ್ಲಿ ಮಳೆನೀರು ನಿಲ್ಲುವುದಿಲ್ಲ, ಜೊತೆಗೆ ಯಾವುದು ಮೇಲು, ಯಾವುದು ಕೆಳಗು ಎಂಬ ಗುರುತೂ ಸಿಗುತ್ತದೆ. ಕಟ್ಟು ಕಟ್ಟಿ ಗಾಡಿಯಲ್ಲಿ ತಂದ ಗೂಟಗಳಲ್ಲಿ ಈ ಗುರುತಿಲ್ಲದೆ ತಲೆಕೆಳಗಾಗಿ ನೆಟ್ಟು ಕಳೆದುಕೊಂಡವರು ನಾವೆಣಿಸಿದ್ದಕ್ಕಿಂತ ಹೆಚ್ಚಿದ್ದಾರೆ.

ಕಡಿದ ದಿನವೇ ನೆಡಬೇಕೆಂದೇನೂ ಇಲ್ಲ. ಎಲೆಗಳನ್ನೆಲ್ಲ ಸವರಿ, ಮರದ ನೆರಳಿನಲ್ಲಿ ಗೂಟಗಳನ್ನು ನೆಟ್ಟಗೆ ಒರಗಿಸಿಟ್ಟು ಕೆಲವು ದಿನ ಬಿಟ್ಟು ನೆಟ್ಟರೂ ಅವು ಚೆನ್ನಾಗಿಯೇ ಬೇರು ಬಿಡುತ್ತವೆ. ಬಿಸಿಲಿಗೆ ಬಿಸಾಡಿದರೆ ಮಾತ್ರ ಕೆಡುತ್ತವೆ. ನೆಡುವಾಗ ಗೂಟವನ್ನು ಸುತ್ತಿಗೆಯಿಂದ ನೆಲಕ್ಕೆ ಬಡಿಯಬಾರದು. ಹಾರೆಯಿಂದ ಕುಳಿ ಮಾಡಿ, ಗಿಡ್ಡ ಗೂಟವಾದರೆ ಒಂದು ಅಡಿ, ಉದ್ದ ಗೂಟವಾದರೆ ಒಂದೂವರೆ ಅಡಿ ಆಳಕ್ಕೆ ಇಳಿಸಿ, ಸುತ್ತಲೂ ಮಣ್ಣನ್ನು ಕಾಲಿನಿಂದ ಬಿಗಿಯಾಗಿ ತುಳಿಯಬೇಕು. ಮಣ್ಣಿನೊಳಗೆ ಹೋಗುವ ಭಾಗದ ತೊಗಟೆಯ ಮೇಲೆ ಚಾಕುವಿನಿಂದ ಎರಡು ಮೂರು ಕಡೆ ಗೀರಿದರೆ ಆ ಗಾಯದ ಅಂಚಿನಲ್ಲಿ ಬೇರು ಸುಲಭವಾಗಿ ಮೂಡುತ್ತದೆ. ಇದು ಖರ್ಚಿಲ್ಲದ ಉಪಾಯ. ಬೇರು ಬರಿಸುವ ಪುಡಿಗೆ ಹಣ ಸುರಿಯುವ ಅಗತ್ಯ ಈ ಗಿಡಕ್ಕಿಲ್ಲ.

ಇಷ್ಟು ಹೇಳಿದ ಮೇಲೂ, ಬಯಲುಸೀಮೆಯ ಖುಷ್ಕಿ ಬದುವಿಗೆ ಗೂಟಕ್ಕಿಂತ ಬೀಜದ ಸಸಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಗೂಟದಿಂದ ಬಂದ ಗಿಡಕ್ಕೆ ತಾಯಿಬೇರು ಇರುವುದಿಲ್ಲ. ಕಡಿದ ತುದಿಯ ಸುತ್ತ ಹುಟ್ಟಿದ ಬೇರುಗಳು ಮೇಲ್ಮಣ್ಣಿನಲ್ಲೇ ಅಡ್ಡಡ್ಡ ಹರಡುತ್ತವೆ. ಮಲೆನಾಡಿನಲ್ಲಿ ಅಷ್ಟೇ ಸಾಕು. ಇಲ್ಲಿ ಬೇಸಗೆಯಲ್ಲಿ ಮೇಲ್ಮಣ್ಣು ಒಣಗಿದಾಗ ಅಂಥ ಗಿಡ ಸೊರಗುತ್ತದೆ, ಮೇಲಾಗಿ ತೆಂಗಿನ ಬೇರೂ ಅದೇ ಪದರದಲ್ಲಿ ನೀರಿಗೆ ಹುಡುಕುತ್ತಿರುತ್ತದೆ. ಬೀಜದ ಸಸಿ ಮೊದಲ ವರ್ಷ ನಿಧಾನವೆನಿಸಿದರೂ ತಾಯಿಬೇರನ್ನು ಕೆಳಗಿಳಿಸಿ ಗಾಳಿಗೂ ಬರಕ್ಕೂ ಗಟ್ಟಿಯಾಗಿ ನಿಲ್ಲುತ್ತದೆ.

ಹಾಗಾದರೆ ಬೀಜ ಎಲ್ಲಿಂದ? ನಿಮ್ಮ ಹಳೆಯ ಬೇಲಿಯಲ್ಲಿ ಕಾಯಿ ಕಟ್ಟದಿರುವುದಕ್ಕೆ ಎರಡು ಕಾರಣಗಳಿರಬಹುದು, ಮತ್ತು ಅನೇಕ ಕಡೆ ಎರಡೂ ಸೇರಿರುತ್ತವೆ. ಈ ಗಿಡ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಒಣ ಕಾಡುಗಳದ್ದು. ಮಳೆ ನಿಂತ ಮೇಲೆ ಎಲೆಯುದುರಿಸಿ, ಬರಿಯ ಕೊಂಬೆಗಳ ಮೇಲೆ ನಸುಗೆಂಪಿನ ಹೂ ಬಿಡುವುದು ಅದರ ಸ್ವಭಾವ. ಆ ಹೂ ಬರುವುದು ಬಲಿತ ಕೊಂಬೆಗಳಲ್ಲೇ ಹೊರತು ಹೊಸ ಚಿಗುರಿನಲ್ಲಲ್ಲ. ಸೊಪ್ಪಿಗಾಗಿ ವರ್ಷಕ್ಕೆ ಮೂರು ನಾಲ್ಕು ಸಲ ಸವರುವ ಬೇಲಿಯಲ್ಲಿ ಬಲಿತ ಕೊಂಬೆಯೇ ಉಳಿಯುವುದಿಲ್ಲವಾದ್ದರಿಂದ ಹೂವೂ ಇಲ್ಲ, ಕಾಯಿಯೂ ಇಲ್ಲ. ಎರಡನೆಯ ಕಾರಣ ಇನ್ನೂ ಕುತೂಹಲದ್ದು. ಗೊಬ್ಬರದ ಗಿಡದ ಹೂವು ಸಾಮಾನ್ಯವಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ದೊಡ್ಡ ದುಂಬಿಗಳು ಬೇರೊಂದು ಗಿಡದಿಂದ ಪರಾಗ ತರಬೇಕು. ಆದರೆ ಒಂದೇ ಮರದ ಕೊಂಬೆಗಳಿಂದ ನೆಟ್ಟ ಇಡೀ ಬೇಲಿ ನೋಡುವುದಕ್ಕೆ ನೂರು ಗಿಡವಾದರೂ ವಂಶದ ಲೆಕ್ಕದಲ್ಲಿ ಒಂದೇ ಗಿಡ. ಅಕ್ಕಪಕ್ಕದ ಹೂವಿನ ಪರಾಗ ಬಿದ್ದರೂ ಅದು ಸ್ವಂತ ಪರಾಗವೇ ಆಗುವುದರಿಂದ ಹೂವುಗಳು ಉದುರಿಹೋಗುತ್ತವೆ.

ಆದ್ದರಿಂದ ಬೀಜಕ್ಕೆಂದೇ ತೋಟದ ಒಂದು ಮೂಲೆಯಲ್ಲಿ, ಬೇರೆ ಬೇರೆ ಊರುಗಳಿಂದ ತಂದ ಗಿಡಗಳನ್ನು ಹತ್ತಿರ ಹತ್ತಿರ ನೆಟ್ಟು, ಮಳೆಗಾಲದ ನಡುವಿನಿಂದ ಅವುಗಳಿಗೆ ಕತ್ತಿ ತಾಗಿಸದೆ ಬಿಡಬೇಕು. ಜನವರಿಯ ನಂತರ ಹೂವಾದರೆ ಸುಮಾರು ಒಂದೂವರೆ, ಎರಡು ತಿಂಗಳಿಗೆ ಚಪ್ಪಟೆ ಕಾಯಿಗಳು ಬಲಿತು ಹಳದಿ ಕಂದಾಗುತ್ತವೆ. ಆಗಲೇ ಕೊಯ್ಯಬೇಕು, ಏಕೆಂದರೆ ಕಾಯಿ ಒಣಗಿದೊಡನೆ ಚಟ್ಟನೆ ಸಿಡಿದು ಬೀಜವನ್ನು ಇಪ್ಪತ್ತು ಮೀಟರಿನಾಚೆಗೂ ಎಸೆಯಬಲ್ಲದು. ಕೊಯ್ದ ಕಾಯಿಯನ್ನು ಒಣಗಿಸುವಾಗಲೂ ಮೇಲೆ ತೆಳ್ಳನೆಯ ಬಟ್ಟೆ ಹೊದಿಸದಿದ್ದರೆ ಅಂಗಳದ ತುಂಬ ಬೀಜ ಹೆಕ್ಕಬೇಕಾಗುತ್ತದೆ. ಹೊಸ ಬೀಜಕ್ಕೆ ಯಾವ ಉಪಚಾರವೂ ಬೇಡ; ಹಿಂದಿನ ವರ್ಷದ್ದಾದರೆ ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಸಿದರೆ ಸಾಕು. ಸುಬಾಬುಲ್ ಬೀಜಕ್ಕೆ ಮಾಡುವಂತೆ ಬಿಸಿನೀರು ಹುಯ್ಯಬಾರದು, ಈ ಬೀಜದ ಸಿಪ್ಪೆ ಅಷ್ಟು ಗಡುಸಲ್ಲ.

ಮಾರ್ಚ್ ಕೊನೆಯಿಂದ ಏಪ್ರಿಲ್ ಒಳಗೆ ಪಾಲಿಥೀನ್ ಚೀಲಗಳಲ್ಲಿ ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಎರಡು ಸೆಂಟಿಮೀಟರ್ ಆಳಕ್ಕೆ ಬೀಜ ಹಾಕಿದರೆ ಒಂದು ವಾರ, ಹತ್ತು ದಿನದಲ್ಲಿ ಮೊಳೆಯುತ್ತದೆ. ಎರಡೂವರೆ, ಮೂರು ತಿಂಗಳಿಗೆ ಸಸಿ ಒಂದು ಅಡಿ ದಾಟಿ ನೆಡುವುದಕ್ಕೆ ಸಿದ್ಧವಾಗಿರುತ್ತದೆ. ಅವರೆ, ತೊಗರಿಯ ಬಳಗದ್ದೇ ಆದ್ದರಿಂದ ಇದರ ಬೇರುಗಂಟುಗಳಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ನೆಲೆಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಹಳೆಯ ಗೊಬ್ಬರದ ಗಿಡದ ಬುಡದ ಒಂದು ಹಿಡಿ ಮಣ್ಣನ್ನು ಮಿಶ್ರಣಕ್ಕೆ ಸೇರಿಸಿದರೆ ಆ ಬ್ಯಾಕ್ಟೀರಿಯಾವೂ ಜೊತೆಗೆ ಬರುತ್ತದೆ. ಒಂದು ಸಸಿಯನ್ನು ಕಿತ್ತು ಬೇರುಗಂಟನ್ನು ಉಗುರಿನಿಂದ ಸೀಳಿ ನೋಡಿ: ಒಳಗೆ ನಸುಗೆಂಪಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ, ಬಿಳಿಯಾಗಿಯೋ ಹಸಿರಾಗಿಯೋ ಇದ್ದರೆ ಇಲ್ಲ. ನಾಟಿಯಾದ ಮೊದಲ ಮಳೆಗಾಲದಲ್ಲಿ ಬುಡದ ಸುತ್ತ ಕಳೆ ತೆಗೆಯಲೇಬೇಕು. ಎಳೆಯ ಸಸಿ ಹುಲ್ಲಿನೊಡನೆ ಪೈಪೋಟಿ ಮಾಡಲಾರದು.

ನಿಮ್ಮ ನೆಂಟರಿಗೆ ಗೂಟವೇ ಸಾಕು. ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಬಹುಕಾಲದಿಂದ ನೆಡುತ್ತಿದ್ದದ್ದು ಇದೇ ಬಳಗದ ಹಾಲುವಾಣವನ್ನು. 2004ರಲ್ಲಿ ಹೊಸ ಪ್ರಭೇದವೆಂದು ಗುರುತಿಸಲಾದ ಒಂದು ಪುಟ್ಟ ಕಣಜ ಹಾಲುವಾಣದ ಎಲೆ, ಚಿಗುರುಗಳಲ್ಲಿ ಗಂಟು ಕಟ್ಟಿಸಿ ಮರಗಳನ್ನು ಸೊರಗಿಸಲು ತೊಡಗಿದ ಮೇಲೆ ಹಲವು ತೋಟಗಳಲ್ಲಿ ಗ್ಲಿರಿಸಿಡಿಯಾಕ್ಕೆ ಜಾಗ ಸಿಕ್ಕಿತು. ಆದರೂ ಅಡಿಕೆ ತೋಟದ ನೀರು ನಿಲ್ಲುವ ತಗ್ಗಿನಲ್ಲಿ ಅದು ಬಾಳುವುದಿಲ್ಲ, ಬಾಬಾ ಬುಡನ್‌ಗಿರಿ ಕಡೆಯ ಎತ್ತರದ, ಚಳಿಯ ತೋಟಗಳಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ ಎಂಬುದನ್ನು ಅವರು ಗಮನದಲ್ಲಿಡಬೇಕು.

ಸೊಪ್ಪು ಕೊಯ್ಯುವುದಕ್ಕೆ ಒಂದು ವರ್ಷ ಕಾಯುವುದು ಲೇಸು. ಆಮೇಲೆ ನೆಲದಿಂದ ಎರಡೂವರೆ, ಮೂರು ಅಡಿ ಎತ್ತರಕ್ಕೆ ಸವರುತ್ತ ಬಂದರೆ ಮರವಾಗಬೇಕಾದದ್ದು ಪೊದೆಯಾಗಿಯೇ ಉಳಿಯುತ್ತದೆ. ಹಸಿ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ. ಉಳಿದ ಒಣ ಅಂಶದಲ್ಲಿ ಸಾರಜನಕ ಶೇಕಡಾ 3ರ ಆಸುಪಾಸು ಇರುತ್ತದೆ. ಒಂದು ಟನ್ ಹಸಿ ಸೊಪ್ಪಿಗೆ ಆರೇಳು ಕಿಲೋ ಸಾರಜನಕ, ಅಂದರೆ ಸುಮಾರು 13ರಿಂದ 15 ಕಿಲೋ ಯೂರಿಯಾದಲ್ಲಿರುವಷ್ಟು. ರಂಜಕ ಇದರಲ್ಲಿ ಕಡಿಮೆ, ಆದ್ದರಿಂದ ಸೊಪ್ಪು ಹಾಕಿದೆವೆಂದು ಕೊಟ್ಟಿಗೆ ಗೊಬ್ಬರ ನಿಲ್ಲಿಸಬಾರದು. ಎಲೆ ಬೇಗ ಕೊಳೆಯುವುದರಿಂದ ತೆಂಗಿನ ಬುಡದ ಪಾತಿಗೆ ಮಣ್ಣು ಹಸಿಯಿರುವಾಗಲೇ ಹಾಕಿ ಮುಚ್ಚಬೇಕು. ಬೇಸಗೆಯಲ್ಲಿ ಮೇಲೆ ಹರಡಿದರೆ ಸಾರಜನಕದ ಒಂದು ಭಾಗ ಗಾಳಿಗೆ ಹೋಗುತ್ತದೆ. ಆಡು ದನಗಳು ಮೊದಮೊದಲು ವಾಸನೆಗೆ ಮೂಸಿ ಬಿಡುತ್ತವೆ, ಅರ್ಧ ದಿನ ಬಾಡಿಸಿ ಬೇರೆ ಮೇವಿನೊಡನೆ ಕೊಟ್ಟರೆ ರೂಢಿಯಾಗುತ್ತದೆ. ಕುದುರೆಗೆ ಮಾತ್ರ ಇದು ವಿಷ.

ಈ ವರ್ಷ ಒಣಗಿದಂತೆ ಕಾಣುವ ಗೂಟಗಳನ್ನು ಈಗಲೇ ಕೀಳಬೇಡಿ. ಬುಡದ ಹತ್ತಿರ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿದಾಗ ಒಳಗೆ ಹಸಿರಿದ್ದರೆ ಜೀವವಿದೆ. ಬಾಡಿದ ಚಿಗುರನ್ನು ಸವರಿ, ಬುಡಕ್ಕೆ ಮಣ್ಣೇರಿಸಿ ತುಳಿದು, ತೆಂಗಿನ ಗರಿ ಮುಚ್ಚಿ, ಉತ್ತರೆ ಮಳೆಯವರೆಗೆ ಬಿಡಿ. ಒಳಗೂ ಕಂದಾಗಿದ್ದರೆ ಕಿತ್ತುಹಾಕಿ. ಸತ್ತ ಗೂಟಕ್ಕೆ ಗೆದ್ದಲು ಹತ್ತಿ ಪಕ್ಕದ್ದಕ್ಕೂ ದಾಟುತ್ತದೆ. ಖಾಲಿಯಾದ ಜಾಗಗಳಿಗೆ ಮುಂದಿನ ಬೇಸಗೆಯಲ್ಲಿ ಬೆಳೆಸಿದ ಸಸಿಗಳನ್ನು ತುಂಬಿಸಿ, ಮೊದಲ ವರ್ಷ ಮಳೆ ಕೈಕೊಟ್ಟ ವಾರಗಳಲ್ಲಿ ಒಂದೊಂದು ಬಿಂದಿಗೆ ನೀರು ಹಾಕುವ ಏರ್ಪಾಡು ಮಾಡಿಕೊಳ್ಳಿ.