ಕ್ಯಾಂಪ್: ಅತಿಯಾದದ್ದನ್ನು ಮನಸಾರೆ ಇಷ್ಟಪಡುವ ರುಚಿ

ಗೇ ಗಂಡಸರಿಗೂ ಪಾಪ್ ದಿವಾಗಳಿಗೂ, ಅಂದರೆ ವೇದಿಕೆ ಆಳುವ ಗಾಯಕಿ ತಾರೆಯರಿಗೂ, ಏನು ನಂಟು? ಜೂಡಿ ಗಾರ್ಲೆಂಡ್, ಶೇರ್, ಮಡೋನಾ, ಕೈಲಿ ಮಿನೋಗ್, ಲೇಡಿ ಗಾಗಾ. ಇವರ ಹೆಸರು ಬಂದ ಕಡೆಯೆಲ್ಲ ಗೇ ಅಭಿಮಾನಿಗಳ ಮಾತೂ ಬರುತ್ತದೆ. ಇನ್ನೊಂದು ಕಡೆ, ಬಿಡುಗಡೆಯಾದಾಗ ಮಕಾಡೆ ಮಲಗಿದ, ವಿಮರ್ಶಕರ ಕೈಲಿ ಬೈಸಿಕೊಂಡ ಕೆಲವು ಸಿನಿಮಾಗಳನ್ನು ದಶಕಗಟ್ಟಲೆ ಉಳಿಸಿಕೊಂಡು ಬಂದವರಲ್ಲೂ ಗೇ ಪ್ರೇಕ್ಷಕರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಮೇಲ್ನೋಟಕ್ಕೆ ಇವು ಬೇರೆ ಬೇರೆ ಹುಚ್ಚು. ಆದರೆ ಎರಡರ ಬೇರೂ ಒಂದೇ. ಅದರ ಹೆಸರು ಕ್ಯಾಂಪ್.

ಶಿಬಿರಕ್ಕೂ ಈ ಪದಕ್ಕೂ ಸಂಬಂಧವಿಲ್ಲ. ಇದು ಒಂದು ರುಚಿ, ಒಂದು ನೋಡುವ ಕ್ರಮ. ಅಳತೆ ಮೀರಿದ್ದು, ನಾಟಕೀಯವಾದದ್ದು, ಕೃತಕ ಎಂದು ಎದ್ದು ಕಾಣುವಂಥದ್ದು, ಇವನ್ನು ಆ ಗುಣಕ್ಕಾಗಿಯೇ ಇಷ್ಟಪಡುವುದು ಕ್ಯಾಂಪ್. ‘ಇಷ್ಟೊಂದು ಬೇಕಿತ್ತಾ?’ ಎಂದು ಬೇರೆಯವರು ಕೇಳುವ ಜಾಗದಲ್ಲೇ ಕ್ಯಾಂಪ್ ಅಭಿಮಾನಿಯ ಕಣ್ಣು ಅರಳುತ್ತದೆ. ಅವನಿಗೆ ಅಷ್ಟೂ ಬೇಕು.

ಕೆಟ್ಟದಾಗಿದೆ, ಅದಕ್ಕೇ ಮಜವಾಗಿದೆ ಎಂದು ಕ್ಯಾಂಪ್‌ಗೆ ಅರ್ಥ ಹೇಳುವವರು ಜಾಸ್ತಿ. ನನ್ನ ಪ್ರಕಾರ ಅದು ಅರ್ಧ ಸತ್ಯವೂ ಅಲ್ಲ. ಕೆಟ್ಟ ಸಿನಿಮಾಗಳು ಬೇಕಾದಷ್ಟಿವೆ, ಅವುಗಳಲ್ಲಿ ಹೆಚ್ಚಿನವು ಸುಮ್ನೆ ಬೇಜಾರು ಹಿಡಿಸುತ್ತವೆ. ಕ್ಯಾಂಪ್ ಆಗಬೇಕಾದರೆ ಮಾಡಿದವರು ಜೀವ ಇಟ್ಟು ಮಾಡಿರಬೇಕು. 1981ರ ‘ಮಮ್ಮಿ ಡಿಯರೆಸ್ಟ್’ ನೋಡಿ. ಹಾಲಿವುಡ್ ತಾರೆ ಜೋನ್ ಕ್ರಾಫರ್ಡ್ ಅವರ ಪಾತ್ರದಲ್ಲಿ ಫೇ ಡನವೇ. ಮಗಳ ಬೀರುವಿನಲ್ಲಿ ತಂತಿಯ ಹ್ಯಾಂಗರ್ ಕಂಡದ್ದೇ ತಡ, ಮುಖದ ತುಂಬ ಬಿಳಿ ಕ್ರೀಮ್ ಮೆತ್ತಿಕೊಂಡ ತಾಯಿ ಕೆರಳಿ ಕಿರುಚುವ ದೃಶ್ಯ ಒಂದಿದೆ. ಡನವೇ ಅಲ್ಲಿ ಒಂದು ಚೂರೂ ಹಿಡಿದಿಟ್ಟುಕೊಳ್ಳುವುದಿಲ್ಲ. ಧ್ವನಿ, ಕಣ್ಣು, ಬೆರಳು, ಎಲ್ಲವೂ ಕೊನೆಯ ಹದಕ್ಕೆ ಹೋಗುತ್ತವೆ. ಗಂಭೀರ ಚಿತ್ರವಾಗಬೇಕು ಎಂದು ಹೊರಟ ಸಿನಿಮಾ ಅದು. ಥಿಯೇಟರಿನಲ್ಲಿ ಜನ ನಕ್ಕರು. ಸಂಭಾಷಣೆಯನ್ನು ತೆರೆಯ ಜೊತೆಗೇ ಕೂಗಿ ಹೇಳತೊಡಗಿದರು. ಅದನ್ನು ಕಂಡ ಪ್ಯಾರಾಮೌಂಟ್ ಸ್ಟುಡಿಯೋ ಹ್ಯಾಂಗರನ್ನೇ ಮುಂದಿಟ್ಟುಕೊಂಡು ಜಾಹೀರಾತು ಬದಲಾಯಿಸಿತು. ವರ್ಷದ ಅತಿ ಕೆಟ್ಟ ಚಿತ್ರ ಎಂದು ರಾಝಿ ಬಹುಮಾನವೂ ಬಂತು.

ಮಗುವಿಗೆ ಹಿಂಸೆ ಕೊಡುವುದು ನಗುವ ವಿಷಯವಲ್ಲ. ಈ ಚಿತ್ರ ನೋಡಿ ನಗುವ ಗೇ ಅಭಿಮಾನಿಗೆ ಅದು ಚೆನ್ನಾಗಿ ಗೊತ್ತು. ಎಷ್ಟೋ ಮಂದಿ ಮನೆಯೊಳಗಿನ ಕೋಪವನ್ನು ಉಂಡೇ ಬೆಳೆದವರು. ಅವರು ನಗುವುದು ಆ ನೋವು ಇಷ್ಟು ದೊಡ್ಡದಾಗಿ, ಇಷ್ಟು ಬಣ್ಣ ಬಳಿದುಕೊಂಡು ತೆರೆಯ ಮೇಲೆ ಬಂದು ನಿಂತಾಗ. ಆ ಹೊತ್ತಿಗೆ ಅದು ಹೆದರಿಸುವ ಶಕ್ತಿ ಕಳೆದುಕೊಂಡಿರುತ್ತದೆ. ಜೊತೆಗೆ ಡನವೇ ಕೊಟ್ಟ ಆ ಪೂರ್ತಿ ಸಮರ್ಪಣೆಯ ಮೇಲೆ ಗೌರವವೂ ಹುಟ್ಟಿರುತ್ತದೆ. ನಗುವೂ ಗೌರವವೂ ಒಟ್ಟಿಗೇ ಇರುತ್ತವೆ. ಅದು ಅರ್ಥವಾಗದಿದ್ದರೆ ಕ್ಯಾಂಪ್ ಅರ್ಥವಾಗುವುದಿಲ್ಲ.

ಪದದ ಹಳೆಯ ಗುರುತು ಸಿಗುವುದು ಒಂದು ಕೋರ್ಟ್ ಕೇಸಿನಲ್ಲಿ. 1870ರಲ್ಲಿ ಲಂಡನ್ನಿನಲ್ಲಿ ಅರ್ನೆಸ್ಟ್ ಬೌಲ್ಟನ್ ಮತ್ತು ಫ್ರೆಡ್ರಿಕ್ ಪಾರ್ಕ್ ಎಂಬ ಇಬ್ಬರು ಯುವಕರನ್ನು ಪೊಲೀಸರು ಹಿಡಿದರು. ಹೆಣ್ಣಿನ ಉಡುಪು ತೊಟ್ಟು ನಾಟಕ ನೋಡಲು ಹೋಗಿದ್ದರು ಅವರು. ಸ್ಟೆಲ್ಲಾ, ಫ್ಯಾನಿ ಎಂದು ಅವರು ತಮಗೆ ತಾವೇ ಇಟ್ಟುಕೊಂಡ ಹೆಸರು. ಪಾರ್ಕ್ ಬರೆದ ಒಂದು ಕಾಗದದಲ್ಲಿ ತನ್ನ ‘ಕ್ಯಾಂಪಿಶ್’ ಪ್ರಯತ್ನಗಳಿಗೆ ಸಿಗಬೇಕಾದ ಯಶಸ್ಸು ಸಿಗುತ್ತಿಲ್ಲ ಎಂಬ ಮಾತಿತ್ತು. 1871ರ ವಿಚಾರಣೆಯಲ್ಲಿ ಇಬ್ಬರೂ ಬಿಡುಗಡೆಯಾದರು. 1909ರಲ್ಲಿ ಬಂದ ವಿಕ್ಟೋರಿಯನ್ ಕಾಲದ ಆಡುಮಾತಿನ ನಿಘಂಟೊಂದು ಕ್ಯಾಂಪ್ ಎಂದರೆ ಅತಿಯಾಗಿ ಒತ್ತಿ ತೋರಿಸುವ ಹಾವಭಾವ ಎಂದು ಬರೆಯಿತು. ಅಂದರೆ ಈ ಪದ ಹುಟ್ಟಿ ಬೆಳೆದದ್ದು ಪಂಡಿತರ ನಡುವೆ ಅಲ್ಲ. ನಾಟಕದವರ, ಗೇ ಗಂಡಸರ ಬಾಯಲ್ಲಿ.

ಓದುವ ಜನರ ನಡುವೆ ಅದನ್ನು ತಂದು ನಿಲ್ಲಿಸಿದವರು ಅಮೆರಿಕದ ಲೇಖಕಿ ಸೂಸನ್ ಸಾಂಟಾಗ್. 1964ರಲ್ಲಿ ಅವರು ಬರೆದ 58 ಟಿಪ್ಪಣಿಗಳ ಪ್ರಬಂಧವನ್ನು ಇವತ್ತಿಗೂ ಎಲ್ಲರೂ ಎತ್ತಿ ಹೇಳುತ್ತಾರೆ. ನಿಜವಾದ ಕ್ಯಾಂಪ್ ಮುಗ್ಧವಾದದ್ದು, ಗಂಭೀರವಾಗಲು ಹೊರಟು ಸೋತದ್ದು ಎಂದರು ಅವರು. ಕ್ಯಾಂಪ್ ರುಚಿ ಒಂದು ಬಗೆಯ ಪ್ರೀತಿ, ಅದು ತೀರ್ಪು ಕೊಡುವುದಕ್ಕಿಂತ ಸವಿಯುತ್ತದೆ ಎಂದೂ ಬರೆದರು. ಅದು ನನಗೆ ತುಂಬ ಇಷ್ಟವಾದ ಮಾತು. ಆದರೆ ಎರಡು ಕಡೆ ಅವರ ಜೊತೆ ನನಗೆ ಜಗಳವಿದೆ. ಒಂದು, ಈ ರುಚಿಯನ್ನು ಬೆಳೆಸಿದ ಗೇ ಗಂಡಸರು ಪ್ರಬಂಧದ ಕೊನೆಯ ಭಾಗದಲ್ಲಷ್ಟೇ ಬರುತ್ತಾರೆ. ಇನ್ನೊಂದು, ಕ್ಯಾಂಪ್‌ಗೂ ರಾಜಕೀಯಕ್ಕೂ ಸಂಬಂಧವಿಲ್ಲ ಎಂಬ ಅವರ ಮಾತು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಗೇ ಗಂಡಸರೇ ಯಾಕೆ ಎಂಬ ಪ್ರಶ್ನೆಗೆ ಉತ್ತರ ಅವರು ಬದುಕಿದ ರೀತಿಯಲ್ಲಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1967ರವರೆಗೆ ಗಂಡಸರ ನಡುವಿನ ಸಂಬಂಧ ಅಪರಾಧವಾಗಿತ್ತು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಆಗಲೂ ಆಗಿತ್ತು. ಕೆಲಸದಲ್ಲಿ, ಮನೆಯಲ್ಲಿ, ಬೀದಿಯಲ್ಲಿ ನಡೆಯುವ ರೀತಿಯಿಂದ ಹಿಡಿದು ಧ್ವನಿಯವರೆಗೆ ಎಲ್ಲವನ್ನೂ ಹಿಡಿತದಲ್ಲಿ ಇಟ್ಟುಕೊಳ್ಳಬೇಕಿತ್ತು. ದಿನವಿಡೀ ‘ಮಾಮೂಲಿ ಗಂಡಸು’ ಎಂಬ ಪಾತ್ರ ಮಾಡುವವನಿಗೆ ಅದು ಪಾತ್ರ ಎಂದು ಗೊತ್ತಿರುತ್ತದೆ. ಆಗ ಬೇರೆಯವರು ಮಾಡುತ್ತಿರುವುದೂ ಪಾತ್ರವೇ ಎಂದು ಕಾಣಿಸತೊಡಗುತ್ತದೆ. ಮಾನವಶಾಸ್ತ್ರಜ್ಞೆ ಎಸ್ತರ್ ನ್ಯೂಟನ್ ಅಮೆರಿಕದ ಡ್ರ್ಯಾಗ್ ಕಲಾವಿದರ (ಹೆಣ್ಣಿನ ವೇಷ ತೊಟ್ಟು ವೇದಿಕೆಯಲ್ಲಿ ರಂಜಿಸುವ ಗಂಡಸರ) ನಡುವೆ ಅಧ್ಯಯನ ಮಾಡಿ 1972ರಲ್ಲಿ ತಂದ ಪುಸ್ತಕದಲ್ಲಿ ಕ್ಯಾಂಪ್‌ನ ಮೂರು ಗುಣ ಹೇಳಿದರು. ಹೊಂದದ್ದನ್ನು ಹೊಂದಿಸುವುದು, ನಾಟಕೀಯತೆ, ಹಾಸ್ಯ. ಮೂರೂ ಬಚ್ಚಿಟ್ಟುಕೊಂಡು ಬದುಕುವವರಿಗೆ ಬೇಕಾದ ಗುಣಗಳೇ, ಅಲ್ವಾ?

ಈಗ ದಿವಾಗಳ ವಿಷಯ. ಜೂಡಿ ಗಾರ್ಲೆಂಡ್ ಅವರಿಂದಲೇ ಶುರು ಮಾಡಬೇಕು. ಚಿಕ್ಕ ವಯಸ್ಸಿಗೇ ಎಂಜಿಎಂ ಸ್ಟುಡಿಯೋ ಸೇರಿದವರು. 1939ರಲ್ಲಿ ‘ದಿ ವಿಝರ್ಡ್ ಆಫ್ ಆಝ್’ ಚಿತ್ರದ ಡೊರೊತಿಯಾಗಿ ಜಗತ್ತಿಗೆ ಪರಿಚಯವಾದರು. ಪಕ್ಕದ ಮನೆಯ ಮುದ್ದು ಹುಡುಗಿ ಎಂಬ ಚಿತ್ರವನ್ನು ಸ್ಟುಡಿಯೋ ಕಟ್ಟಿತು. ಹಿಂದೆ ನಡೆದದ್ದೇ ಬೇರೆ. ತೂಕ ಇಳಿಸಲು ಒಂದು ಮಾತ್ರೆ, ನಿದ್ದೆಗೆ ಒಂದು ಮಾತ್ರೆ, ಬಿಡುವಿಲ್ಲದ ಕೆಲಸ. 1950ರಲ್ಲಿ ಎಂಜಿಎಂ ಅವರನ್ನು ಕೈಬಿಟ್ಟಿತು. ಅಲ್ಲಿಂದ ಮುಂದೆ ಬೀಳುವುದು, ಏಳುವುದು, ಮತ್ತೆ ಬೀಳುವುದು. ಸಿನಿಮಾ ವಿದ್ವಾಂಸ ರಿಚರ್ಡ್ ಡೈಯರ್ ಗಾರ್ಲೆಂಡ್ ಮತ್ತು ಗೇ ಗಂಡಸರ ಬಗ್ಗೆ 1986ರಲ್ಲಿ ಬರೆದಾಗ ಇದನ್ನೇ ಎತ್ತಿ ತೋರಿಸಿದರು. ಹೊರಗೆ ಸಾಮಾನ್ಯ ಹುಡುಗಿ, ಒಳಗೆ ಆ ಸಾಮಾನ್ಯದೊಳಗೆ ಹಿಡಿಸದ ಬದುಕು. ಕುಟುಂಬದ ಮುಂದೆ ‘ಸರಿಯಾದ ಹುಡುಗ’ನಾಗಿ ಬೆಳೆದು, ಒಳಗೆ ಬೇರೆಯೇ ಆಗಿದ್ದವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬರೀ ದುಃಖವಾಗಿದ್ದರೆ ಮರುಕ ಹುಟ್ಟುತ್ತಿತ್ತು, ಅಷ್ಟೇ. ಗಾರ್ಲೆಂಡ್ ಪ್ರತಿ ಸಲವೂ ವೇದಿಕೆಗೆ ಮರಳಿದರು. 1961ರ ಏಪ್ರಿಲ್ 23ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಅವರು ಹಾಡಿದ ಕಛೇರಿಯ ರೆಕಾರ್ಡ್ ಈಗಲೂ ಸಿಗುತ್ತದೆ. ಕೇಳಿ. ಗಂಟಲು ಒಡೆಯುವ ಜಾಗದಲ್ಲೂ ಅವರು ಹಿಂದೆ ಸರಿಯುವುದಿಲ್ಲ. ಆ ಬಿರುಕಿನ ಮೂಲಕವೇ ಹಾಡು ಇನ್ನೂ ಮೇಲೇರುತ್ತದೆ. ಸಭೆಯ ಕೂಗೂ ರೆಕಾರ್ಡಿನಲ್ಲಿ ಕೇಳಿಸುತ್ತದೆ. ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಅದಕ್ಕೆ ಬಂತು. ಆ ಬಹುಮಾನ ಪಡೆದ ಮೊದಲ ಹೆಂಗಸು ಅವರು. ‘ಡೊರೊತಿಯ ಗೆಳೆಯ’ ಎಂಬುದು ಗೇ ಗಂಡಸರು ಒಬ್ಬರನ್ನೊಬ್ಬರು ಗುರುತು ಹಿಡಿಯಲು ಬಳಸಿದ ಗುಟ್ಟಿನ ಮಾತು. ಅದನ್ನು ಸಾಮಾನ್ಯವಾಗಿ ಅವರ ಆ ಪಾತ್ರದ ಜೊತೆಗೇ ಜೋಡಿಸುತ್ತಾರೆ.

1969ರ ಜೂನ್ 22ರಂದು ಅವರು ಲಂಡನ್ನಿನಲ್ಲಿ ತೀರಿಕೊಂಡರು. 27ರಂದು ನ್ಯೂಯಾರ್ಕಿನಲ್ಲಿ ಅಂತ್ಯಕ್ರಿಯೆ. ಅದೇ ರಾತ್ರಿ ಕಳೆದು 28ರ ನಸುಕಿನಲ್ಲಿ ಅದೇ ಊರಿನ ಸ್ಟೋನ್‌ವಾಲ್ ಎಂಬ ಗೇ ಬಾರ್‌ನಲ್ಲಿ ಪೊಲೀಸ್ ದಾಳಿಯ ವಿರುದ್ಧ ಜನ ತಿರುಗಿಬಿದ್ದರು. ಜೂಡಿ ಸತ್ತ ದುಃಖದಿಂದಲೇ ಆ ದಂಗೆ ಎದ್ದಿತು ಎಂದು ಹೇಳುವವರಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ನಾನು ಒಪ್ಪುವುದಿಲ್ಲ. ವರ್ಷಗಟ್ಟಲೆ ಪೊಲೀಸರ ಕಾಟ ಅನುಭವಿಸಿದವರಿಗೆ ಸಿಟ್ಟು ಬರಲು ಬೇರೆ ಕಾರಣ ಬೇಕಿರಲಿಲ್ಲ.

ಮುಂದಿನ ದಿವಾಗಳ ಕಾಲಕ್ಕೆ ಅಭಿಮಾನ ಎರಡೂ ಕಡೆಯಿಂದ ಹರಿಯತೊಡಗಿತು. 1970ರ ದಶಕದ ಶುರುವಿನಲ್ಲಿ ಬೆಟ್ ಮಿಡ್ಲರ್ ಹೆಸರು ಮಾಡಿದ್ದು ನ್ಯೂಯಾರ್ಕಿನ ಗೇ ಸ್ನಾನಗೃಹವೊಂದರಲ್ಲಿ ಹಾಡಿ. ಡಯಾನಾ ರಾಸ್ 1980ರಲ್ಲಿ ಹಾಡಿದ ‘ಐಯಾಮ್ ಕಮಿಂಗ್ ಔಟ್’ ಹುಟ್ಟಿದ್ದು, ಕ್ಲಬ್ ಒಂದರಲ್ಲಿ ಅವರದೇ ವೇಷ ಹಾಕಿದ್ದ ಡ್ರ್ಯಾಗ್ ಕಲಾವಿದರನ್ನು ಆ ಹಾಡು ಬರೆದವರಲ್ಲೊಬ್ಬರಾದ ನೈಲ್ ರಾಜರ್ಸ್ ನೋಡಿದ್ದರಿಂದ. ಏಡ್ಸ್ ಬಗ್ಗೆ ಮಾತಾಡಲೂ ಜನ ಹೆದರುತ್ತಿದ್ದ 1989ರಲ್ಲಿ ಮಡೋನಾ ತಮ್ಮ ಆಲ್ಬಮ್ ಒಳಗೆ ಆ ರೋಗದ ಬಗೆಗಿನ ಸತ್ಯಾಂಶಗಳ ಒಂದು ಚೀಟಿ ಇಟ್ಟರು. ಗೆಳೆಯರು ಒಬ್ಬೊಬ್ಬರಾಗಿ ಸಾಯುತ್ತಿದ್ದಾಗ ಆ ಚೀಟಿಗೆ ಎಷ್ಟು ಬೆಲೆ ಇತ್ತೋ ಊಹಿಸಿ. ಮರುವರ್ಷದ ಅವರ ‘ವೋಗ್’ ಹಾಡಿನ ನೃತ್ಯ ಮಾತ್ರ ನ್ಯೂಯಾರ್ಕಿನ ಕಪ್ಪು ಮತ್ತು ಲ್ಯಾಟಿನೋ ಗೇ, ಟ್ರಾನ್ಸ್ ಸಮುದಾಯದ ಬಾಲ್‌ರೂಮ್‌ಗಳಿಂದ, ಅಂದರೆ ವೇಷ ಮತ್ತು ನೃತ್ಯದ ಸ್ಪರ್ಧೆಗಳಿಂದ, ಬಂದದ್ದು. ಆ ಸಮುದಾಯಕ್ಕೆ ಹೆಸರು, ಹಣ ಎಷ್ಟು ಸಿಕ್ಕಿತು ಎಂಬ ಪ್ರಶ್ನೆ ಇನ್ನೂ ಜೀವಂತವಾಗಿದೆ, ಇರಬೇಕಾದ್ದೇ. 2022ರಲ್ಲಿ ಬಿಯಾನ್ಸೆ ‘ರಿನೈಸಾನ್ಸ್’ ಆಲ್ಬಮ್ ತಂದಾಗ, ಅದರ ಬೇರಾದ ಸಂಗೀತವನ್ನು ತಮಗೆ ಮೊದಲು ಪರಿಚಯಿಸಿದ ಗೇ ಬಂಧು ಜಾನಿ ಅಂಕಲ್‌ಗೆ ಅದನ್ನು ಅರ್ಪಿಸಿದರು. ಸಾಲವನ್ನು ಹೆಸರು ಹೇಳಿ ಒಪ್ಪಿಕೊಂಡ ಈ ರೀತಿ ನನಗೆ ಹೆಚ್ಚು ಹಿಡಿಸಿತು.

ಕಲ್ಟ್ ಸಿನಿಮಾಗಳಲ್ಲಿ, ಅಂದರೆ ಕೆಲವೇ ಅಭಿಮಾನಿಗಳು ಹುಚ್ಚು ಹಿಡಿದು ಮತ್ತೆ ಮತ್ತೆ ನೋಡುವ ಸಿನಿಮಾಗಳಲ್ಲಿ, ಈ ಪ್ರೀತಿ ಇನ್ನೊಂದು ರೂಪ ತಾಳುತ್ತದೆ. ‘ದಿ ರಾಕಿ ಹಾರರ್ ಪಿಕ್ಚರ್ ಶೋ’ 1975ರಲ್ಲಿ ಬಂದು ಸೋತಿತು. 1976ರ ಏಪ್ರಿಲ್ 1ರಂದು ನ್ಯೂಯಾರ್ಕಿನ ವೇವರ್ಲಿ ಥಿಯೇಟರಿನಲ್ಲಿ ಮಧ್ಯರಾತ್ರಿಯ ಆಟ ಶುರುವಾಯಿತು. ಬಂದವರೇ ವಾರ ವಾರ ಬಂದರು. ಪಾತ್ರಗಳಿಗೆ ಎದುರು ಮಾತು ಕೊಟ್ಟರು. ಮದುವೆಯ ದೃಶ್ಯಕ್ಕೆ ಅಕ್ಕಿ ಎರಚಿದರು, ಮಳೆಯ ದೃಶ್ಯಕ್ಕೆ ತಲೆಯ ಮೇಲೆ ಪೇಪರ್ ಹಿಡಿದರು. ಆಮೇಲೆ ಪಾತ್ರಗಳ ವೇಷ ಹಾಕಿ ತೆರೆಯ ಮುಂದೆಯೇ ಇಡೀ ಸಿನಿಮಾ ಅಭಿನಯಿಸತೊಡಗಿದರು. ಟಿಮ್ ಕರಿ ಅವರ ಪಾತ್ರ ಹೈ ಹೀಲ್ಸ್, ಕಾರ್ಸೆಟ್ ತೊಟ್ಟು ನಾಚಿಕೆಯಿಲ್ಲದೆ ನಡೆದು ಬರುತ್ತದೆ. ಹಗಲಿನಲ್ಲಿ ಹಾಗೆ ನಡೆಯಲಾಗದ ಹುಡುಗರಿಗೆ ವಾರಕ್ಕೊಂದು ರಾತ್ರಿ ಅಲ್ಲಿ ಜಾಗವಿತ್ತು. ದಿವಾ ಕಛೇರಿಯಲ್ಲೂ ಇಲ್ಲೂ ನಡೆಯುವುದು ಒಂದೇ. ಒಬ್ಬರೇ ಬಚ್ಚಿಟ್ಟುಕೊಂಡ ಇಷ್ಟವನ್ನು ನೂರಾರು ಜನರ ನಡುವೆ ಗಟ್ಟಿಯಾಗಿ ಕೂಗುವುದು.

ಬೇಕೆಂದೇ ಮಾಡಿದ ಕ್ಯಾಂಪ್ ಕೂಡ ಇದೆ. ಅದು ಬೇಗ ಸಪ್ಪೆಯಾಗುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ನಡೆಯುವ ಫ್ಯಾಷನ್ ಸಮಾರಂಭ ಮೆಟ್ ಗಾಲಾಗೆ 2019ರಲ್ಲಿ ಕ್ಯಾಂಪ್ ವಿಷಯವಾಗಿತ್ತು. ಬಂದ ಎಷ್ಟೋ ಉಡುಪುಗಳು ದೊಡ್ಡದಾಗಿದ್ದವು, ಅಷ್ಟೇ. ಒಳಗೆ ಆಸೆಯ ಉರಿ ಕಾಣಲಿಲ್ಲ. ಬೇಕೆಂದೇ ಕ್ಯಾಂಪ್ ಮಾಡಿ ಗೆದ್ದವರು ಎಂದರೆ ಸಿನಿಮಾ ನಿರ್ದೇಶಕ ಜಾನ್ ವಾಟರ್ಸ್. ಬಾಲ್ಟಿಮೋರಿನ ತಮ್ಮ ಗೆಳೆಯ, ಡ್ರ್ಯಾಗ್ ಕಲಾವಿದ ಡಿವೈನ್ ಅವರನ್ನು ನಾಯಕಿಯಾಗಿಸಿ 1972ರಲ್ಲಿ ‘ಪಿಂಕ್ ಫ್ಲೆಮಿಂಗೋಸ್’ ಮಾಡಿದರು. ಅಸಹ್ಯವೆಂದು ಜನ ಎದ್ದು ಹೋದ ಸಿನಿಮಾ. 2021ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು. ದಪ್ಪ ದೇಹ, ಹಣೆಯ ಅರ್ಧದವರೆಗೆ ಏರಿದ ಹುಬ್ಬು, ಆದರೂ ತಾನೇ ಜಗತ್ತಿನ ಸುಂದರಿ ಎಂಬ ಡಿವೈನ್ ಅವರ ನಿಲುವು. ಆ ನಂಬಿಕೆಯಲ್ಲಿ ಸುಳ್ಳಿಲ್ಲ.

ಇನ್ನು ರಾಜಕೀಯ. 1979ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲವು ಗೇ ಗಂಡಸರು ಕ್ರೈಸ್ತ ಸನ್ಯಾಸಿನಿಯರ ಉಡುಪು ಹಾಕಿ ಬೀದಿಗಿಳಿದರು. ‘ಸಿಸ್ಟರ್ಸ್ ಆಫ್ ಪರ್ಪೆಚುಯಲ್ ಇಂಡಲ್ಜೆನ್ಸ್’ ಎಂಬ ಗುಂಪು. ಬಿಳಿ ಬಣ್ಣ ಬಳಿದ ಮುಖ, ಹೊಳೆಯುವ ರೆಪ್ಪೆ, ಬೇಕೆಂದೇ ಅತಿ. ಇದೇ ಗುಂಪು 1982ರಲ್ಲಿ ಸುರಕ್ಷಿತ ಲೈಂಗಿಕತೆಯ ಬಗ್ಗೆ ತಮಾಷೆಯ ಭಾಷೆಯಲ್ಲಿ ಕೈಪಿಡಿ ಹಂಚಿತು. ಏಡ್ಸ್ ರೋಗಕ್ಕೆ ಆಗಷ್ಟೇ ಹೆಸರು ಬರುತ್ತಿದ್ದ ಕಾಲ ಅದು. ಸರ್ಕಾರ ಸುಮ್ಮನಿದ್ದಾಗ ಜೀವ ಉಳಿಸುವ ಮಾಹಿತಿ ಕ್ಯಾಂಪ್ ವೇಷದಲ್ಲಿ ಬಂತು. ಇದನ್ನು ಕಂಡ ಮೇಲೆ ಕ್ಯಾಂಪ್‌ಗೂ ರಾಜಕೀಯಕ್ಕೂ ಸಂಬಂಧವಿಲ್ಲ ಎಂದು ನಾನಂತೂ ಹೇಳಲಾರೆ.

ಬಳಕೆಯಲ್ಲಿ ಒಂದು ಎಚ್ಚರ ಬೇಕು. ಬ್ರಿಟನ್ನಿನಲ್ಲಿ ಹೆಣ್ಣಿಗತನದ ಗಂಡಸನ್ನು ಹೀಗಳೆಯಲೂ ಈ ಪದ ಬಳಸುತ್ತಾರೆ. ಸಿನಿಮಾ, ಹಾಡು, ಉಡುಪು ಕ್ಯಾಂಪ್ ಆಗಿದೆ ಎಂದರೆ ಮೆಚ್ಚುಗೆ. ಒಬ್ಬ ವ್ಯಕ್ತಿಯನ್ನು ಹಾಗೆ ಕರೆಯುವ ಮೊದಲು, ಆತ ತನ್ನನ್ನು ಹಾಗೆ ಕರೆದುಕೊಳ್ಳುತ್ತಾನಾ ನೋಡಿ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು 1962ರ ‘ವಾಟ್ ಎವರ್ ಹ್ಯಾಪನ್ಡ್ ಟು ಬೇಬಿ ಜೇನ್?’ ಚಿತ್ರ. ಬೆಟ್ ಡೇವಿಸ್ ಮತ್ತು ನಿಜವಾದ ಜೋನ್ ಕ್ರಾಫರ್ಡ್ ಇಬ್ಬರೂ ಅದರಲ್ಲಿದ್ದಾರೆ. ಮೊದಲ ಸಲ ಒಬ್ಬರೇ ನೋಡಿ, ಡೇವಿಸ್ ಅವರ ಪೌಡರ್ ಮೆತ್ತಿದ ಮುಖಕ್ಕೆ ಹೆದರಿ. ಎರಡನೇ ಸಲ ಅದನ್ನು ಬಾಯಿಪಾಠ ಮಾಡಿರುವ ಗೆಳೆಯರ ಜೊತೆ ನೋಡಿ.